5/7 ಮತ್ತು 7/10: ಓರೆ ಗುಣಾಕಾರದಲ್ಲಿ ಬರುವ 50 ಮತ್ತು 49 ಏನನ್ನು ಎಣಿಸುತ್ತವೆ?

ಪ್ರಶ್ನೆ
ಬದಿಯಡ್ಕದ ತಾಯಿ:

ನನ್ನ ಮಗಳು ಇಲ್ಲಿನ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಆರನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಛೇದಗಳು ಬೇರೆ ಬೇರೆಯಾಗಿರುವ ಎರಡು ಭಿನ್ನರಾಶಿಗಳಲ್ಲಿ ದೊಡ್ಡದು ಯಾವುದೆಂದು ಹೇಳುವ ಲೆಕ್ಕಗಳನ್ನು ಈಗ ಮಾಡಿಸುತ್ತಿದ್ದಾರೆ. ಮೊನ್ನೆ ಸಂಜೆಯ ಹೋಂವರ್ಕಿನಲ್ಲಿ 5/7 ಮತ್ತು 7/10 ಎಂಬ ಜೋಡಿ ಇತ್ತು. ಅವಳು ಸ್ವಲ್ಪವೂ ಯೋಚಿಸದೆ 7/10 ದೊಡ್ಡದು ಎಂದಳು. ಕಾರಣ ಕೇಳಿದಾಗ, ಮೇಲಿನ ಸಂಖ್ಯೆಯೂ ದೊಡ್ಡದು, ಕೆಳಗಿನ ಸಂಖ್ಯೆಯೂ ದೊಡ್ಡದು, ಎರಡೂ ದೊಡ್ಡದಾಗಿರುವಾಗ ಭಿನ್ನರಾಶಿ ಮಾತ್ರ ಚಿಕ್ಕದಾಗುವುದು ಹೇಗೆ ಎಂದು ನನ್ನನ್ನೇ ಕೇಳಿದಳು. ನಾನು ಶಾಲೆಯಲ್ಲಿ ಕಲಿತಿದ್ದ ಓರೆ ಗುಣಾಕಾರವನ್ನು ತೋರಿಸಿದೆ. ಐದನ್ನು ಹತ್ತರಿಂದ ಗುಣಿಸಿದರೆ 50, ಏಳನ್ನು ಏಳರಿಂದ ಗುಣಿಸಿದರೆ 49, ಆದ್ದರಿಂದ 5/7 ದೊಡ್ಡದು ಎಂದೆ. ಅವಳು ಪೆನ್ಸಿಲನ್ನು ಕೆಳಗಿಟ್ಟು, ‘ಐವತ್ತು ಎಂದರೆ ಐವತ್ತು ಏನು ಅಮ್ಮಾ?’ ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಇಷ್ಟು ವರ್ಷ ಈ ಗುಣಾಕಾರವನ್ನು ಮಾಡುತ್ತಾ ಬಂದಿದ್ದರೂ ಆ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಇನ್ನೊಂದು ತೊಂದರೆಯೂ ಇದೆ. ಮರುದಿನ ಅದೇ ವಿಧಾನದಲ್ಲಿ ಅವಳು ಹತ್ತು ಲೆಕ್ಕಗಳನ್ನು ಮಾಡಿದಳು. ಅವುಗಳಲ್ಲಿ ನಾಲ್ಕು ತಪ್ಪಾಗಿದ್ದವು. ನೋಡಿದರೆ ಗುಣಾಕಾರದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. 3/8 ಮತ್ತು 5/12 ಎಂಬಲ್ಲಿ 3×12 ಮಾಡಿ ಬಂದ 36ನ್ನು 12ರ ಪಕ್ಕದಲ್ಲಿಯೂ, 5×8 ಮಾಡಿ ಬಂದ 40ನ್ನು 8ರ ಪಕ್ಕದಲ್ಲಿಯೂ ಬರೆದು, 3/8 ದೊಡ್ಡದು ಎಂದು ತೀರ್ಮಾನಿಸಿದ್ದಳು. ಟ್ಯೂಷನ್ನಿನಲ್ಲಿ ಕೇಳಿದ್ದಕ್ಕೆ, ಬಾಣದ ಗುರುತನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಅಷ್ಟು ನೆನಪಿದ್ದರೆ ಸಾಕು, ಏಕೆ ಎಂದು ಕೇಳುತ್ತಾ ಕುಳಿತರೆ ಪಾಠ ಮುಗಿಯುವುದಿಲ್ಲ ಎಂಬ ಉತ್ತರ ಬಂತಂತೆ. ಬಾಣ ಎಳೆಯುವುದನ್ನು ಮರೆತ ದಿನ ಏನು ಮಾಡಬೇಕು ಎಂಬುದೇ ನನ್ನ ಚಿಂತೆ. ಈ 50 ಮತ್ತು 49 ನಿಜವಾಗಿ ಏನನ್ನು ಎಣಿಸುತ್ತವೆ, ಮಗುವಿಗೆ ಕಣ್ಣಿಗೆ ಕಾಣುವಂತೆ ಅದನ್ನು ಹೇಗೆ ತೋರಿಸಬಹುದು, ಮೊದಲು ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಎಂದರೆ ಎರಡೂ ಸಂಖ್ಯೆಗಳಿಂದ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಕಲಿಸಬೇಕೇ ಅಥವಾ ಓರೆ ಗುಣಾಕಾರವೇ ಸಾಕೇ ಎಂಬುದನ್ನು ತಿಳಿದವರು ದಯವಿಟ್ಟು ಬರೆಯಬೇಕು.


ಉತ್ತರ
ಪೆರ್ಲದ ನಿವೃತ್ತ ಅಧ್ಯಾಪಕ:

ನಿಮ್ಮ ಮಗಳು ಕೇಳಿದ್ದು ಈ ಪಾಠದ ಮುಖ್ಯ ಪ್ರಶ್ನೆಯನ್ನೇ. ಅದನ್ನು ಕೇಳದೆ ಓರೆ ಗುಣಾಕಾರ ಮಾಡುವ ಮಕ್ಕಳು ಪರೀಕ್ಷೆಯಲ್ಲಿ ಅಂಕ ಪಡೆಯುತ್ತಾರೆ. ಆದರೆ ಭಿನ್ನರಾಶಿಯ ಸಂಕಲನಕ್ಕೆ ಬಂದಾಗ ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಸಿಬಿಡುತ್ತಾರೆ. ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ನಾನು ನೋಡಿದ್ದು ಇದನ್ನೇ.

ನೀವು ಬದಿಯಡ್ಕದವರಾದ್ದರಿಂದ ಅಡಿಕೆ ತೋಟದ ಉದಾಹರಣೆಯನ್ನೇ ಹೇಳುತ್ತೇನೆ. ಒಂದು ಸಣ್ಣ ತೋಟದಲ್ಲಿ ಅಡಿಕೆಯ ಏಳು ಸಾಲುಗಳಿವೆ, ಪ್ರತಿ ಸಾಲಿನಲ್ಲಿ ಹತ್ತು ಮರಗಳಿವೆ ಎಂದುಕೊಳ್ಳಿ. ಒಟ್ಟು 70 ಮರಗಳಾದವು. ನೀರು ಹಾಯಿಸುತ್ತಿದ್ದಾಗ ಐದು ಸಾಲು ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಏಳು ಸಾಲಿನಲ್ಲಿ ಐದು ಸಾಲು ಎಂದರೆ ತೋಟದ 5/7 ಭಾಗ. ಸಾಲಿಗೆ ಹತ್ತು ಮರಗಳಂತೆ ನೀರು ಸಿಕ್ಕಿದ್ದು 50 ಮರಗಳಿಗೆ. ಇನ್ನು ಬುಡಕ್ಕೆ ಸೊಪ್ಪು ಹಾಕುವ ಕೆಲಸ. ಅದನ್ನು ಸಾಲು ಸಾಲಾಗಿ ಮುಗಿಸದೆ, ಪ್ರತಿಯೊಂದು ಸಾಲಿನಲ್ಲಿಯೂ ಮೊದಲ ಏಳು ಬುಡಗಳಿಗೆ ಮಾತ್ರ ಹಾಕಿದ್ದೇವೆ. ಹತ್ತರಲ್ಲಿ ಏಳು ಎಂದರೆ ತೋಟದ 7/10 ಭಾಗ. ಏಳು ಸಾಲಿನಿಂದ ಸೊಪ್ಪು ಬಿದ್ದಿರುವುದು 49 ಬುಡಗಳಿಗೆ. ಓರೆ ಗುಣಾಕಾರದಲ್ಲಿ ಬಂದ 50 ಮತ್ತು 49 ಇವೇ. ‘ಐವತ್ತು ಏನು?’ ಎಂಬುದಕ್ಕೆ ಉತ್ತರ, ಐವತ್ತು ಮರ; ಒಂದೊಂದು ಮರವೂ ತೋಟದ 1/70 ಭಾಗ. ಆದ್ದರಿಂದ 5/7 ಎಂದರೆ 50/70, 7/10 ಎಂದರೆ 49/70. ಓರೆ ಗುಣಾಕಾರವು ಈ 70ನ್ನು ಬರೆಯದೆ ಬಿಟ್ಟುಬಿಡುತ್ತದೆ. ಎರಡರ ಕೆಳಗೂ ಅದೇ ಇರುವುದರಿಂದ ಬಿಟ್ಟರೂ ಉತ್ತರ ಕೆಡುವುದಿಲ್ಲ ಎಂಬುದು ದೊಡ್ಡವರ ಅನುಕೂಲ, ಆದರೆ ಮಗುವಿನ ಗೊಂದಲ ಹುಟ್ಟುವುದು ಅಲ್ಲಿಯೇ.

ಗಣಿತದ ಚೌಕದ ಪುಸ್ತಕದಲ್ಲಿ ಏಳು ಸಾಲು, ಸಾಲಿಗೆ ಹತ್ತು ಚುಕ್ಕಿಗಳನ್ನು ಅವಳಿಂದಲೇ ಹಾಕಿಸಿ. ಮೇಲಿನ ಐದು ಸಾಲುಗಳ ಕೆಳಗೆ ಅಡ್ಡಗೆರೆಯೊಂದನ್ನು, ಎಡದ ಏಳು ಚುಕ್ಕಿಗಳ ಬಲಕ್ಕೆ ಉದ್ದಗೆರೆಯೊಂದನ್ನು ಎಳೆದರೆ ಪುಟ ನಾಲ್ಕು ಭಾಗವಾಗುತ್ತದೆ. ಎಡ ಮೇಲಿನ ಭಾಗದಲ್ಲಿರುವ 35 ಮರಗಳಿಗೆ ನೀರೂ ಸೊಪ್ಪೂ ಎರಡೂ ಸಿಕ್ಕಿವೆ; ಅವು ಎರಡೂ ಕಡೆಗೆ ಸಮ. ಬಲ ಮೇಲಿನ 15 ಮರಗಳಿಗೆ ನೀರು ಮಾತ್ರ, ಎಡ ಕೆಳಗಿನ 14 ಮರಗಳಿಗೆ ಸೊಪ್ಪು ಮಾತ್ರ. ಯಾವುದು ಹೆಚ್ಚು ಎಂಬ ಜಗಳವೆಲ್ಲಾ ಈ 15 ಮತ್ತು 14ರ ನಡುವೆ ಇದೆ ಎಂಬುದು ಮಗುವಿಗೆ ತಾನಾಗಿಯೇ ಕಾಣುತ್ತದೆ, ವ್ಯತ್ಯಾಸ ಒಂದೇ ಒಂದು ಮರ ಎಂಬುದೂ ಕಾಣುತ್ತದೆ.

ಬಾಣದ ಸಮಸ್ಯೆಗೂ ಇದರಲ್ಲಿಯೇ ಪರಿಹಾರವಿದೆ. ಸ್ವಲ್ಪ ಕಾಲ, 70ನ್ನು ಕೆಳಗೆ ಬರೆಯದೆ 50 ಎಂದು ಬರೆಯಲೇಬಾರದು ಎಂಬ ನಿಯಮ ಮಾಡಿ. 3/8ನ್ನು ಬರೆದು ಅದರ ಪಕ್ಕದಲ್ಲಿಯೇ ಅಂಶವನ್ನೂ ಛೇದವನ್ನೂ 12ರಿಂದ ಗುಣಿಸಿ 36/96 ಎಂದು ಬರೆದವಳು ಆ 36ನ್ನು 5/12ರ ಕಡೆಗೆ ಹಾಕುವ ಪ್ರಶ್ನೆಯೇ ಬರುವುದಿಲ್ಲ, ಏಕೆಂದರೆ ಅದು 3ರಿಂದ ಹುಟ್ಟಿದ್ದು, 3ರ ಮನೆಯಲ್ಲಿಯೇ ಉಳಿಯುತ್ತದೆ. ಆ ಕಡೆ 5/12 ಎಂಬುದು 40/96 ಆಗುತ್ತದೆ. ಇಲ್ಲಿಯೇ ಲ.ಸಾ.ಅ.ವನ್ನೂ ತರಬಹುದು. ಎಂಟಕ್ಕೂ ಹನ್ನೆರಡಕ್ಕೂ 4 ಸಾಮಾನ್ಯ ಅಪವರ್ತನವಾಗಿರುವುದರಿಂದ 96 ಪಾಲು ಮಾಡಬೇಕಾಗಿಲ್ಲ, 24 ಸಾಕು. ಆಗ 9/24 ಮತ್ತು 10/24. 36 ಮತ್ತು 40 ಎಂಬವು ಈ 9 ಮತ್ತು 10ರ ನಾಲ್ಕು ಪಟ್ಟು, ಅಷ್ಟೇ. ಏಳಕ್ಕೂ ಹತ್ತಕ್ಕೂ ಒಂದರ ಹೊರತು ಸಾಮಾನ್ಯ ಅಪವರ್ತನವಿಲ್ಲದ್ದರಿಂದ ಅಲ್ಲಿ 70ಕ್ಕಿಂತ ಚಿಕ್ಕದು ಸಿಗುವುದಿಲ್ಲ. ಲ.ಸಾ.ಅ. ಒಂದು ವಿಧಾನ, ಓರೆ ಗುಣಾಕಾರ ಇನ್ನೊಂದು ವಿಧಾನ ಎಂದು ಬೋರ್ಡಿನ ಎರಡು ಬದಿಗಳಲ್ಲಿ ಬರೆದು ಕಲಿಸುವುದು ನನಗೆ ಎಂದೂ ಸರಿಯೆನಿಸಿಲ್ಲ. ಎರಡರಲ್ಲಿಯೂ ಮಾಡುವುದು ಪಾಲುಗಳನ್ನು ಒಂದೇ ಗಾತ್ರಕ್ಕೆ ತರುವ ಕೆಲಸವನ್ನೇ.

ಇನ್ನೊಂದು ಮಾತು. ‘ಐದು ಬೈ ಏಳು’ ಎಂದು ಓದುವುದನ್ನು ಕೆಲವು ದಿನ ಬಿಡಿಸಿ, ‘ಏಳು ಪಾಲಿನಲ್ಲಿ ಐದು ಪಾಲು’ ಎಂದು ಓದಿಸಿ. ಛೇದವನ್ನು ಮೊದಲು ಹೇಳಿದಾಗ ಪಾಲಿನ ಗಾತ್ರ ಮೊದಲು ಮನಸ್ಸಿಗೆ ಬರುತ್ತದೆ, ಛೇದ ದೊಡ್ಡದಾದಷ್ಟೂ ಪಾಲು ಸಣ್ಣದಾಗುತ್ತದೆ ಎಂಬುದನ್ನು ಬೇರೆಯಾಗಿ ಬಾಯಿಪಾಠ ಮಾಡಿಸುವ ಅಗತ್ಯ ಬರುವುದಿಲ್ಲ.


ಉತ್ತರ
ಕುಂಬಳೆಯ ಕೃಷಿಕ:

ಮಾಸ್ಟ್ರು ತೋಟದ ಲೆಕ್ಕವನ್ನು ಹೇಳಿದ್ದಾರೆ. ನಾನು ಮುಡಿಯ ಲೆಕ್ಕವನ್ನು ಹೇಳುತ್ತೇನೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದಲ್ಲಿ 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂಬ ಲೆಕ್ಕವಿತ್ತು. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಒಂದು ಅಕ್ಕಿ ಮುಡಿ ಎಂದರೆ 42 ಸೇರು. ಈ 42 ಎಂಬುದು ಭಿನ್ನರಾಶಿ ಕಲಿಸುವುದಕ್ಕೆ ಬಹಳ ಒಳ್ಳೆಯ ಸಂಖ್ಯೆ, ಏಕೆಂದರೆ ಅದನ್ನು ಎರಡು, ಮೂರು, ಆರು, ಏಳು, ಹದಿನಾಲ್ಕು, ಇಪ್ಪತ್ತೊಂದು ಪಾಲುಗಳಾಗಿ ಮಾಡಿದರೂ ಸೇರು ಒಡೆಯುವುದಿಲ್ಲ.

ಮಕ್ಕಳು ಸಾಮಾನ್ಯವಾಗಿ ಮುಗ್ಗರಿಸುವ ಜೋಡಿಯೊಂದನ್ನು ತೆಗೆದುಕೊಳ್ಳಿ: 5/6 ಮತ್ತು 6/7. ನನ್ನ ಮೊಮ್ಮಗ ಇವೆರಡೂ ಸಮ ಎಂದಿದ್ದ. ಎರಡರಲ್ಲಿಯೂ ಪೂರ್ತಿಯಾಗುವುದಕ್ಕೆ ಒಂದೊಂದು ಪಾಲು ಮಾತ್ರ ಕಡಿಮೆ ಇದೆಯಲ್ಲ ಎಂಬುದು ಅವನ ವಾದ. ವಾದದ ಮೊದಲರ್ಧ ಸರಿಯಾಗಿದೆ, ಆದರೆ ಆ ಒಂದು ಪಾಲು ಎಷ್ಟು ದೊಡ್ಡದು ಎಂದು ಅವನು ನೋಡಿರಲಿಲ್ಲ. ಮುಡಿಯ ಆರನೆಯ ಒಂದು ಪಾಲು 7 ಸೇರು, ಏಳನೆಯ ಒಂದು ಪಾಲು 6 ಸೇರು. ಮೊದಲನೆಯದರಲ್ಲಿ 7 ಸೇರು ಕಡಿಮೆಯಾಗಿ 35 ಸೇರು ಉಳಿಯಿತು, ಎರಡನೆಯದರಲ್ಲಿ 6 ಸೇರು ಕಡಿಮೆಯಾಗಿ 36 ಸೇರು ಉಳಿಯಿತು. ಕಡಿಮೆಯಾದದ್ದು ಎಲ್ಲಿ ಹೆಚ್ಚೋ ಉಳಿದದ್ದು ಅಲ್ಲಿ ಕಡಿಮೆ. ಪೂರ್ಣಕ್ಕೆ ಹತ್ತಿರವಿರುವ ಭಿನ್ನರಾಶಿಗಳನ್ನು ಹೀಗೆ ಕೊರತೆಯ ಕಡೆಯಿಂದ ನೋಡಿದರೆ ಗುಣಾಕಾರವೇ ಬೇಡ.

ನಿಮ್ಮ 5/7 ಮತ್ತು 7/10 ಕೂಡ ಮುಡಿಯಲ್ಲಿ ಬಗೆಹರಿಯುತ್ತದೆ, ಸ್ವಲ್ಪ ತಕರಾರಿನೊಂದಿಗೆ. 5/7 ಮುಡಿ ಎಂದರೆ ಸರಿಯಾಗಿ 30 ಸೇರು. ಆದರೆ ಹತ್ತರ ಪಾಲಿಗೆ ಮುಡಿ ಒಪ್ಪುವುದಿಲ್ಲ; 7/10 ಮುಡಿ ಎಂದರೆ 29 ಸೇರನ್ನು ದಾಟಿ 30ನ್ನು ಮುಟ್ಟದೆ ನಿಲ್ಲುವ ಅಳತೆ. ದೊಡ್ಡದು ಯಾವುದೆಂದು ತಿಳಿಯಲು ಅಷ್ಟು ಸಾಕು, ಆದರೆ ಎಷ್ಟು ದೊಡ್ಡದು ಎಂದು ಹೇಳಬೇಕಾದರೆ ಮಾಸ್ಟ್ರು ಹೇಳಿದ 70ಕ್ಕೇ ಹೋಗಬೇಕು. ಪಾಲು ಮಾಡುವ ಮೊತ್ತವನ್ನು ಛೇದಗಳನ್ನು ನೋಡಿಯೇ ಆರಿಸಬೇಕು ಎಂಬುದಕ್ಕೆ ಇದೇ ಕಾರಣ.

ಹೋಲಿಸುವ ಎರಡು ಭಿನ್ನರಾಶಿಗಳೂ ಒಂದೇ ಪೂರ್ಣದ ಭಾಗಗಳಾಗಿರಬೇಕು ಎಂಬುದನ್ನೂ ಅಕ್ಕ ಮಗಳಿಗೆ ಹೇಳಿಬಿಡುವುದು ಒಳ್ಳೆಯದು. ದೊಡ್ಡ ಹಲಸಿನ ಹಣ್ಣಿನ ಮೂರನೆಯ ಒಂದು ಪಾಲು ಸಣ್ಣ ಹಲಸಿನ ಹಣ್ಣಿನ ಅರ್ಧಕ್ಕಿಂತ ಭಾರವಾಗಿರಬಹುದು. ಅಷ್ಟಕ್ಕೇ 1/3 ಎಂಬ ಸಂಖ್ಯೆ 1/2ಕ್ಕಿಂತ ದೊಡ್ಡದಾಗುವುದಿಲ್ಲ.


ಉತ್ತರ
ಉಪ್ಪಳದ ಅಂಗಡಿಯವನು:

ಇಷ್ಟೆಲ್ಲಾ ಸುತ್ತು ಏಕೆ ಎಂದು ಅರ್ಥವಾಗಲಿಲ್ಲ. ಐದನ್ನು ಏಳರಿಂದ ಭಾಗಿಸಿದರೆ ಕ್ಯಾಲ್ಕುಲೇಟರಿನಲ್ಲಿ 0.714 ಎಂದು ಆರಂಭವಾಗುವ ಸಂಖ್ಯೆ ಬರುತ್ತದೆ, ಏಳನ್ನು ಹತ್ತರಿಂದ ಭಾಗಿಸಿದರೆ 0.7 ಬರುತ್ತದೆ, ಅಲ್ಲಿಗೆ ಲೆಕ್ಕ ಮುಗಿಯಿತು. ಅಂಗಡಿಯಲ್ಲಿ ನಾವು ಮಾಡುವುದು ಹೀಗೆಯೇ.


ಪೆರ್ಲದ ನಿವೃತ್ತ ಅಧ್ಯಾಪಕ:

ಅಂಗಡಿಯಲ್ಲಿ ಅದೇ ಸರಿ. ನಾನೂ ಹಾಗೆಯೇ ಮಾಡುತ್ತೇನೆ. ಆದರೆ ದಶಮಾಂಶದಲ್ಲಿಯೂ ನಡೆಯುವುದು ಅದೇ ಕೆಲಸ ಎಂಬುದನ್ನು ಗಮನಿಸಿ. 0.7ನ್ನು 0.700 ಎಂದು ಓದಿಕೊಂಡು 0.714ರ ಜೊತೆ ಹೋಲಿಸುವಾಗ ನೀವು ಎರಡನ್ನೂ ಸಾವಿರದ ಪಾಲಿಗೆ ತಂದಿರುತ್ತೀರಿ: 700 ಪಾಲು ಒಂದು ಕಡೆ, 714 ಪಾಲು ಮತ್ತು ಸ್ವಲ್ಪ ಇನ್ನೊಂದು ಕಡೆ. ಆ ‘ಸ್ವಲ್ಪ’ ಎಂಬುದು ಎಂದಿಗೂ ಮುಗಿಯುವುದಿಲ್ಲ, 714285 ಎಂಬ ಆರು ಅಂಕಿಗಳೇ ಮತ್ತೆ ಮತ್ತೆ ಬರುತ್ತವೆ, ಆದರೂ ಎರಡನೆಯ ಸ್ಥಾನದಲ್ಲಿಯೇ ವ್ಯತ್ಯಾಸ ಕಂಡಿದ್ದರಿಂದ ಮುಂದೆ ಹೋಗುವ ಅಗತ್ಯವಿಲ್ಲ. ಪಾಲುಗಳನ್ನು ಸಮ ಮಾಡುವುದನ್ನು ಅರಿಯದ ಮಗು ಇಲ್ಲಿಯೂ ಎಡವುತ್ತದೆ: 0.65 ಮತ್ತು 0.7 ಕೊಟ್ಟರೆ, ಅರವತ್ತೈದು ಏಳಕ್ಕಿಂತ ದೊಡ್ಡದಲ್ಲವೇ ಎಂದು ಕೇಳುತ್ತದೆ.


ಬದಿಯಡ್ಕದ ತಾಯಿ:

ಉತ್ತರಿಸಿದ ಎಲ್ಲರಿಗೂ ವಂದನೆಗಳು. ನಿನ್ನೆ ರಾತ್ರಿ ಚುಕ್ಕಿಗಳ ಬದಲಿಗೆ ಚಾವಡಿಯ ನೆಲದ ಮೇಲೆ ಅಡಿಕೆಗಳನ್ನೇ ಏಳು ಸಾಲಾಗಿ ಜೋಡಿಸಿದೆವು. ಅಡ್ಡಗೆರೆಗೂ ಉದ್ದಗೆರೆಗೂ ಎರಡು ತೆಂಗಿನ ಕಡ್ಡಿಗಳನ್ನು ಇಟ್ಟಳು. 15 ಮತ್ತು 14ರ ಮೂಲೆಗಳನ್ನು ಬೆರಳಿನಿಂದ ಎಣಿಸಿ, ಇನ್ನೊಮ್ಮೆ ಎಣಿಸಿ, ಆಮೇಲೆ ಮಾತನಾಡದೆ ಪುಸ್ತಕ ತೆಗೆದು ಮೊದಲಿನ ನಾಲ್ಕು ತಪ್ಪು ಲೆಕ್ಕಗಳನ್ನು ತಾನೇ ತಿದ್ದಿದಳು. ಪ್ರತಿಯೊಂದರಲ್ಲಿಯೂ ಕೆಳಗಿನ ಸಂಖ್ಯೆಯನ್ನು ಬರೆದಿದ್ದಾಳೆ.

ಒಂದು ಉಪಪ್ರಶ್ನೆಯಿದೆ. ನನ್ನ ದೊಡ್ಡ ಮಗ ಮಲಯಾಳ ಮಾಧ್ಯಮದಲ್ಲಿ ಓದುತ್ತಿರುವುದರಿಂದ ತಂಗಿಗೆ ಹೇಳಿಕೊಡುವಾಗ ‘ಲ.ಸಾ.ಗು.’ ಎನ್ನುತ್ತಾನೆ; ಇವಳು ಅದು ತಪ್ಪು, ‘ಲ.ಸಾ.ಅ.’ ಎಂದು ಜಗಳವಾಡುತ್ತಾಳೆ. ಎರಡೂ ಒಂದೇ ಅಲ್ಲವೇ?


ಉತ್ತರ
ಅಕ್ಕಲಕೋಟೆಯ ಕನ್ನಡ ಶಾಲೆಯ ಅಧ್ಯಾಪಕಿ:

ಎರಡೂ ಒಂದೇ ಅಕ್ಕ, ಜಗಳವನ್ನು ನಿಲ್ಲಿಸಬಹುದು. ಮಲಯಾಳದವರು ಕೊನೆಯ ಪದವಾಗಿ ‘ಗುಣಿತ’ ಎನ್ನುತ್ತಾರೆ, ನಾವು ‘ಅಪವರ್ತ್ಯ’ ಎನ್ನುತ್ತೇವೆ. ಇಲ್ಲಿ ಮಹಾರಾಷ್ಟ್ರದಲ್ಲಿ ನಮ್ಮ ಮಕ್ಕಳು ಪಕ್ಕದ ಮರಾಠಿ ಶಾಲೆಯ ಗೆಳೆಯರಿಂದ ‘ಲಸಾವಿ’ ಎಂಬುದನ್ನು ಕೇಳಿಕೊಂಡು ಬರುತ್ತಾರೆ, ಅಲ್ಲಿ ಕೊನೆಯ ಪದ ‘ವಿಭಾಜ್ಯ’. ಭಿನ್ನರಾಶಿಗೆ ಮಲಯಾಳದಲ್ಲಿ ಭಿನ್ನಸಂಖ್ಯೆ, ಮರಾಠಿಯಲ್ಲಿ ಅಪೂರ್ಣಾಂಕ. ಅಂಶ ಮತ್ತು ಛೇದ ಮಾತ್ರ ಮೂರು ಭಾಷೆಗಳಲ್ಲಿಯೂ ಬದಲಾಗದೆ ಉಳಿದಿವೆ, ಗಡಿಯಲ್ಲಿ ಪಾಠ ಮಾಡುವವರಿಗೆ ಅದೊಂದು ಸಮಾಧಾನ.

ಈ ಪರಿಕಲ್ಪನೆಗೆ ನಮ್ಮ ನಾಡಿನಲ್ಲಿಯೇ ಹಳೆಯ ಹೆಸರೊಂದಿದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನರಾಶಿಗಳಿಗಾಗಿಯೇ ‘ಕಲಾಸವರ್ಣ’ ಎಂಬ ಅಧ್ಯಾಯವಿದೆ. ಕಲಾ ಎಂದರೆ ಭಾಗ, ಸವರ್ಣ ಎಂದರೆ ಒಂದೇ ಬಗೆಯದು. ಪೆರ್ಲದ ಮಾಸ್ಟ್ರು ಹೇಳಿದ, ಪಾಲುಗಳನ್ನು ಒಂದೇ ಗಾತ್ರಕ್ಕೆ ತರುವ ಕೆಲಸವೇ ಆ ಹೆಸರಿನಲ್ಲಿದೆ. ಛೇದಗಳ ಲ.ಸಾ.ಅ.ವನ್ನು ಅವನು ‘ನಿರುದ್ಧ’ ಎಂದು ಕರೆದು, ಅದರಿಂದ ಛೇದಗಳನ್ನು ಸಮ ಮಾಡುವ ಕ್ರಮವನ್ನು ಹೇಳಿದ್ದಾನೆ.

ಇನ್ನು ಬಳಕೆಯ ಮಾತಿನ ಕಡೆಗೆ ನೋಡಿದರೆ, ನಮ್ಮ ಹಿರಿಯರಿಗೆ ದಿನದ ವ್ಯವಹಾರದಲ್ಲಿ ಈ ತೊಂದರೆ ಅಷ್ಟಾಗಿ ಬರುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ. ಅರ್ಧ, ಕಾಲು, ವೀಸ ಎಂಬ ಪಾಲುಗಳೆಲ್ಲವೂ ಎರಡು ಎರಡಾಗಿ ಸೀಳಿ ಬಂದವು. ವೀಸ ಎಂದರೆ ಹದಿನಾರನೆಯ ಒಂದು; ಕಾಲು ಎಂದರೆ ನಾಲ್ಕು ವೀಸ, ಮುಕ್ಕಾಲು ಎಂದರೆ ಹನ್ನೆರಡು ವೀಸ. ಒಂದರೊಳಗೆ ಒಂದು ಸರಿಯಾಗಿ ಕೂರುವುದರಿಂದ ಕಾಲು ದೊಡ್ಡದೋ ಮೂರು ವೀಸ ದೊಡ್ಡದೋ ಎಂದು ಕೇಳಿದರೆ ಕೂಡಲೇ ಉತ್ತರ ಸಿಗುತ್ತದೆ. ಕಷ್ಟ ಬರುವುದು ಮೂರರ ಪಾಲು, ಐದರ ಪಾಲು, ಏಳರ ಪಾಲು ನುಗ್ಗಿದಾಗ. 1957ರ ಏಪ್ರಿಲಿನಲ್ಲಿ ದಶಮಾಂಶ ನಾಣ್ಯ ಬರುವವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದವು. ಅಂದರೆ ರೂಪಾಯಿಗೆ 192 ಪೈ. ಆಣೆಯಲ್ಲಿ ಮಾತ್ರ ಎಣಿಸಿದರೆ ರೂಪಾಯಿಯ ಮೂರನೆಯ ಒಂದು ಪಾಲು ಸರಿಯಾಗಿ ಬರುವುದಿಲ್ಲ, ಪೈಗೆ ಇಳಿದರೆ 5 ಆಣೆ 4 ಪೈ ಎಂದು ಚೊಕ್ಕವಾಗಿ ಬರುತ್ತದೆ. 1/3 ದೊಡ್ಡದೋ 5/16 ದೊಡ್ಡದೋ ಎಂದು ಕೇಳಿದರೆ 64 ಪೈ ಮತ್ತು 60 ಪೈ ಎಂದು ಹೇಳಿಬಿಡಬಹುದು. ಲ.ಸಾ.ಅ. 48 ಸಾಕಾಗಿತ್ತು, ಆದರೆ ಪೈ ಕೈಯಲ್ಲಿಯೇ ಇತ್ತಲ್ಲ. ಈಗಿನ ನೂರು ಪೈಸೆಯಲ್ಲಿ ಮೂರರ ಪಾಲು ಸರಿಯಾಗಿ ಕೂರುವುದೇ ಇಲ್ಲ.

ನಿಮ್ಮ ಮಗಳಿಗೆ ಇನ್ನೊಂದು ಉಪಾಯವನ್ನೂ ತೋರಿಸಿ. ಛೇದದ ಬದಲಿಗೆ ಅಂಶವನ್ನು ಸಮ ಮಾಡುವುದು ಕೆಲವೊಮ್ಮೆ ಸುಲಭ. ಕುಂಬಳೆಯವರು ಹೇಳಿದ ಕೊರತೆಯ ದಾರಿಯಲ್ಲಿ 5/7ರ ಕೊರತೆ 2/7, 7/10ರ ಕೊರತೆ 3/10. ಅಂಶಗಳನ್ನು ಆರಕ್ಕೆ ತಂದರೆ ಇವು 6/21 ಮತ್ತು 6/20. ಎರಡು ಕಡೆಯೂ ಆರು ಪಾಲು, ಆದರೆ ಇಪ್ಪತ್ತೊಂದರ ಪಾಲು ಇಪ್ಪತ್ತರ ಪಾಲಿಗಿಂತ ಸಣ್ಣದು. ಆದ್ದರಿಂದ 5/7ರ ಕೊರತೆ ಕಡಿಮೆ, 5/7 ದೊಡ್ಡದು. 3/8 ಮತ್ತು 5/12 ಬಂದಾಗ ಅರ್ಧವನ್ನು ನಡುವೆ ಇಟ್ಟುಕೊಳ್ಳಲಿ: ಒಂದು ಅರ್ಧಕ್ಕಿಂತ 1/8ರಷ್ಟು ಕಡಿಮೆ, ಇನ್ನೊಂದು 1/12ರಷ್ಟು ಮಾತ್ರ ಕಡಿಮೆ. ಈ ಉಪಾಯಗಳು ಎಲ್ಲಾ ಜೋಡಿಗಳಿಗೂ ಒದಗುವುದಿಲ್ಲ, ಆದರೆ ಗುಣಿಸುವ ಮೊದಲು ಉತ್ತರ ಯಾವ ಕಡೆಗೆ ಇರಬಹುದೆಂದು ಅಂದಾಜು ಮಾಡುವ ಅಭ್ಯಾಸವನ್ನು ಬೆಳೆಸುತ್ತವೆ.


ಬದಿಯಡ್ಕದ ತಾಯಿ:

ಅಣ್ಣ ತಂಗಿಯರ ಜಗಳ ಇನ್ನೂ ನಿಂತಿಲ್ಲ, ಈಗ ಮೂರನೆಯ ಹೆಸರೊಂದು ಸಿಕ್ಕಿರುವುದರಿಂದ ಅವಳು ಅಣ್ಣನ ಮುಂದೆ ‘ನಿರುದ್ಧ’ ಎನ್ನಲು ಆರಂಭಿಸಿದ್ದಾಳೆ. ಇಂದು ಶಾಲೆಯಿಂದ 5/7 ಮತ್ತು 8/11 ಎಂಬ ಜೋಡಿಯನ್ನು ತಂದಿದ್ದಳು. ನಾನು ಏನನ್ನೂ ಹೇಳಲಿಲ್ಲ. ನೆಲದ ಮೇಲಿನ ಅಡಿಕೆಗಳನ್ನು ಸ್ವಲ್ಪ ಹೊತ್ತು ನೋಡಿ, ಸಾಲುಗಳು ಏಳೇ ಇರಲಿ, ಹತ್ತರ ಬದಲಿಗೆ ಹನ್ನೊಂದು ಬೇಕು ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಸಾಲಿಗೆ ಒಂದರಂತೆ ಇನ್ನೂ ಏಳು ಅಡಿಕೆ ಕೊಡಿ ಎಂದು ಅಜ್ಜಿಯ ಬಳಿಗೆ ಹೋದಳು. ಪುಸ್ತಕದಲ್ಲಿ 55/77 ಮತ್ತು 56/77 ಎಂದು ಬರೆದಿದ್ದಾಳೆ.